ಕೂದಲೆಳೆಯಷ್ಟು ಬಿಗಿ

ಟಕಟಕ ನಿಂತಿತು, ಅಂದರೆ ಮೂಲೆಗಳು ಹೋದವು, ಲೇತ್ ಯಂತ್ರದಲ್ಲಿ ತಿರುಗುತ್ತಿರುವ ಚೌಕದ ಮರದ ತುಂಡು ದುಂಡಾಯಿತು, ಇನ್ನು ಉಳಿಯ ಕೆಳಗೆ ಒಂದೇ ಸಮನೆ ಸುಯ್ಯೆನ್ನುವ ಸದ್ದು, ಈ ಸದ್ದು ಬಂದಮೇಲೆ ಕೈ ತಾನಾಗಿಯೇ ಹಗುರಾಗುತ್ತದೆ, ಅಪ್ಪ ಹೇಳುತ್ತಿದ್ದರು, ಮರ ಒದೆಯೋದು ನಿಲ್ಲಿಸೋವರೆಗೂ ಬಾಯಿ ಮುಚ್ಕೊಂಡಿರು, ಆಮೇಲೆ ಬೇಕಾದ್ರೆ ಹಾಡ್ಕೊ — ಹಾಡಿದರೆ ಕೇಳುವವರು ಯಾರು, ಗೋಡೆಯೇ, ಮೊಳೆಗೆ ನೇತುಹಾಕಿದ ಅಪ್ಪನ ಹಳೆಯ ಏಪ್ರನ್ನೇ — ಸಿಪ್ಪೆ ಸುರುಳಿಸುರುಳಿಯಾಗಿ ಮೊಣಕೈ ಮೇಲೆ ಬೀಳುತ್ತಿದೆ, ಬೆಚ್ಚಗಿದೆ, ಅರವತ್ತು ದಾಟಿದ ಕೈಗೆ ಈ ಬಿಸಿ ಹಿತ. ಅಂಗೈಯಲ್ಲಿ ಹಿಡಿಸುವಂಥ ಒಂದು ಡಬ್ಬಿ, ಮುಚ್ಚಳ ಸಮೇತ, ತಂಗಿಗೆ. ಒಳಗೆ ಏನಿಟ್ಟು ಕೊಡುವುದು ಗೊತ್ತಿಲ್ಲ, ಖಾಲಿಯೇ ಕೊಡುತ್ತೇನೆ, ಏನಾದರೂ ಹಾಕಿಕೊಳ್ಳಲಿ, ಗುಂಡಿಯೋ ಸೂಜಿಯೋ, ಕೊಟ್ಟರೆ ತಾನೇ, ಮೊದಲು ಆಗಲಿ. ನಾಲ್ಕು ತಿಂಗಳಾಯಿತು ಅವಳ ಮುಖ ನೋಡಿ. ನಿನ್ನೆ ಎದುರುಮನೆಯ ದರ್ಜಿಯವಳು ಬಾಗಿಲಲ್ಲೇ ನಿಂತು ಹೇಳಿದಳು, ನಿಮ್ಮ ತಂಗಿ ಸಿಕ್ಕಿದ್ರು ಕಣ್ರೀ ಬಸ್ಸಲ್ಲಿ, ಅಕ್ಕನ ಕೆಮ್ಮು ಹೇಗಿದೆ ಅಂತ ಕೇಳಿದ್ರು — ಬೇರೇನೂ ಕೇಳಲಿಲ್ವಾ ಅಂದೆ, ಇಲ್ಲ, ಕೆಮ್ಮು ಒಂದೇ ಅಂದಳು. ಕೆಮ್ಮು. ಮರದ ಧೂಳಿನ ಕೆಮ್ಮು, ಇಪ್ಪತ್ತು ವರ್ಷದ್ದು, ಅದು ಎಲ್ಲಿ ಹೋಗುತ್ತದೆ, ಅವಳ ಹಾಗೆ ಎದ್ದು ಹೊರಟುಹೋಗುತ್ತದೆಯೇ.

ಮುಚ್ಚಳದ ಒಳಗಿನ ಟೊಳ್ಳು ಮೊದಲು, ಉಳಿಯ ಮೊನೆ ನಡುವಿನಿಂದ ಅಂಚಿಗೆ, ಅವಸರ ಬೇಡ — ಅವಳು ಹೇಳಿದ್ದೂ ಇಂಥದ್ದೇ ಹೊತ್ತಿನಲ್ಲಿ, ಮೋಟಾರು ಓಡುತ್ತಿದ್ದಾಗ, ಹೊಸಿಲ ಮೇಲೆ ನಿಂತು, ಅಕ್ಕ ನಾನು ಮದುವೆ ಆಗ್ತಿದೀನಿ, ನಾನು ಏನು ಅಂದೆ, ಅವಳು ಇನ್ನೂ ಜೋರಾಗಿ, ಮದುವೆ ಆಗ್ತಿದೀನಿ, ನಾನು ಮತ್ತೆ ಏನೇ ಅಂದೆ, ಮೂರನೆಯ ಸಲ ಎಷ್ಟು ಜೋರಾಗಿ ಕೂಗಿದಳೆಂದರೆ ನನಗಿಂತ ಮೊದಲು ಬೀದಿಗೇ ಗೊತ್ತಾಯಿತು, ಎದುರುಮನೆಯ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಐವತ್ತೆರಡು ವರ್ಷದವಳು. ಅಪ್ಪನ ಗೋಡೆ ಗಡಿಯಾರ ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟುಬಂದವಳು, ಅದನ್ನು ನೋಡಿಕೊಂಡು ಬರುತ್ತೇನೆ ಅಂತ ವಾರಕ್ಕೆ ಎರಡು ಸಲ ಹೋಗುತ್ತಿದ್ದಳು, ನಾನು ಪೆದ್ದಿ, ಎಂಥ ಗಡಿಯಾರವಪ್ಪ ಇದು ಎಂಟು ವಾರವಾದರೂ ನಡೆಯುತ್ತಿಲ್ಲ ಅಂದುಕೊಂಡೆ. ಹೆಂಡತಿ ಸತ್ತು ಆರು ವರ್ಷವಾದ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುವ ಗಡಿಯಾರ ರಿಪೇರಿಯವನು, ಮದುವೆ ಅವನ ಜೊತೆ. ನಾನು ಸ್ವಿಚ್ಚು ಆರಿಸಿದೆ. ಆರಿಸಬಾರದಿತ್ತು, ಮೋಟಾರಿನ ಸದ್ದಿದ್ದರೆ ನನ್ನ ಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ — ಅವನಿಗೆ ಹೆಂಡತಿ ಬೇಕಾಗಿಲ್ಲ ಕಣೇ, ಬಿಟ್ಟಿ ಚಾಕರಿಗೆ ಒಬ್ಬಳು ಬೇಕಾಗಿದಾಳೆ, ಈ ವಯಸ್ಸಲ್ಲಿ ನಿನ್ನನ್ನ ಇನ್ಯಾತಕ್ಕೆ ಕರೀತಾನೆ. ಅಂದುಬಿಟ್ಟೆ. ಅವಳು ಅಳಲಿಲ್ಲ, ಉಳಿ ಹಿಡಿದಿದ್ದ ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು, ಇಲ್ಲೂ ಅದನ್ನೇ ತಾನೇ ಅಕ್ಕ ಮಾಡ್ತಿರೋದು, ಅಂದಳು, ಮೆಲ್ಲಗೆ, ಜಗಳದ ದನಿಯಲ್ಲಲ್ಲ, ಹೊರಗೆ ಬಟ್ಟೆ ಒಣಗಿದೆ ಅಂತ ಹೇಳುವ ಹಾಗೆ. ಮದುವೆ ರಿಜಿಸ್ಟರಿಗೆ ರುಜು ಹಾಕುವ ದಿನ ಬಾ ಅಂದಿದ್ದಳು, ಕುರ್ಚಿ ಕಾಲುಗಳ ಆರ್ಡರ್ ಇದೆ ಅಂದೆ, ಯಾವ ಆರ್ಡರೂ ಇರಲಿಲ್ಲ, ದಿನವಿಡೀ ಇಲ್ಲೇ ಕೂತು ಉಳಿಗಳಿಗೆ ಸಾಣೆ ಹಿಡಿದೆ, ಹರಿತವಾಗಿದ್ದವಕ್ಕೂ.

ಕತ್ತರಿಸಿದ ಮುಚ್ಚಳ ಕೈಗೆ ಬಂತು, ಇನ್ನು ಡಬ್ಬಿಯ ಅಂಚು, ಮುಚ್ಚಳ ಕೂರುವ ಜಾಗ, ಇಲ್ಲಿಯೇ ಎಲ್ಲ ಕೆಡುವುದು, ಒಂದು ಸಲ ಹೆಚ್ಚಾಗಿ ಉಳಿ ತಾಗಿದರೆ ಸಡಿಲ, ಗಿಲಕಿಯಂತೆ ಅಲ್ಲಾಡುತ್ತದೆ. ನಿಲ್ಲಿಸು, ಹಾಕಿ ನೋಡು, ಬಿಗಿ, ಮತ್ತೆ ತಿರುಗಿಸು, ನಿಲ್ಲಿಸು, ಇನ್ನೂ ಬಿಗಿ — ಮುಚ್ಚಳ ನೋಡುವುದು ಅವಳ ಕೆಲಸವಾಗಿತ್ತು, ಕಣ್ಣು ಮುಚ್ಚಿ, ಕಿವಿಯ ಹತ್ತಿರ ಹಿಡಿದು, ಪಕ್ ಅಂತ ತೆಗೆದು, ಇನ್ನೊಂದು ಕೂದಲೆಳೆ ತೆಗಿ ಅಕ್ಕ, ಸಾಕು, ಸಾಕು ಅಂದ್ನಲ್ಲ. ಅಷ್ಟೇ, ಅದಕ್ಕಿಂತ ಹೆಚ್ಚಿಗೆ ನಾನು ಏನನ್ನೂ ಮುಟ್ಟಗೊಡಲಿಲ್ಲ. ದೂರ ನಿಲ್ಲು, ಜಡೆ ಸಿಕ್ಕೊಳ್ಳುತ್ತೆ. ದೂರ ನಿಲ್ಲು, ಕಣ್ಣಿಗೆ ಬೀಳುತ್ತೆ. ಮೂವತ್ತು ವರ್ಷ ದೂರ ನಿಲ್ಲು. ಒಂದು ಸಲ ನನಗೆ ಜ್ವರ, ನಾಲ್ಕು ದಿನ ಎದ್ದಿರಲಿಲ್ಲ, ಐದನೆಯ ದಿನ ನೋಡಿದರೆ ಬೆಂಚಿನ ಮೇಲೆ ಒಂದು ಡಬ್ಬಿ, ಹೊಟ್ಟೆ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಮುಚ್ಚಳ ಓರೆ, ಕುಡಿದವನ ಟೋಪಿಯ ಹಾಗೆ, ಅವಳು ಪಕ್ಕದಲ್ಲಿ ನಿಂತಿದ್ದಾಳೆ, ಹುಬ್ಬಿನ ತುಂಬ ಧೂಳು, ಹೇಗಿದೆ ಅಕ್ಕ. ಒಲೆಗೆ ಚೆನ್ನಾಗಿದೆ ಅಂದೆ. ಅಂದದ್ದಷ್ಟೇ ಅಲ್ಲ, ಹಾಕಿದೆ, ಅಂದು ಸಂಜೆಯ ಚಹಾ ಅದರ ಬೆಂಕಿಯಲ್ಲೇ ಕುದಿಯಿತು, ನಾನು ನಗುತ್ತಿದ್ದೆ, ಅವಳೂ ನಕ್ಕಳು, ನಕ್ಕಳಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ — ಎರಡು ಲೋಟ ಚಹಾ, ತನ್ನ ಲೋಟ ಅವಳು ಕುಡಿದಿದ್ದಳೇ, ನೆನಪಿಲ್ಲ, ಲೋಟ ಹಿಡಿದುಕೊಂಡು ನಿಂತದ್ದು ನೆನಪಿದೆ, ಕುಡಿದದ್ದು ನೆನಪಿಲ್ಲ. ಪಕ್. ಬಂತು. ಕೂದಲೆಳೆಯಷ್ಟು ಬಿಗಿ, ಸರಿಯಾಗಿದೆಯೋ ಇಲ್ಲವೋ, ನನಗೆ ಅವಳ ಕಿವಿ ಇಲ್ಲ. ಒಳಗನ್ನು ಕೊರೆದೆ, ಮರಳುಕಾಗದ ಹಿಡಿದೆ, ಮೇಣ ಉಜ್ಜಿದೆ, ಬುಡ ಕತ್ತರಿಸಿದೆ, ಅಂಗೈ ಮೇಲೆ ಇಟ್ಟುಕೊಂಡೆ, ಯಾರಾದರೂ ನೋಡಲಿ ಅಂತ ತಲೆ ಎತ್ತಿದೆ.

ಏಪ್ರನ್ ಬಿಚ್ಚದೆಯೇ ಬಸ್ಸು ಹತ್ತಿದ್ದು ಟಿಕೆಟ್ ಕೊಡುವವನು ನನ್ನ ಹೊಟ್ಟೆ ನೋಡಿದಾಗ ಗೊತ್ತಾಯಿತು, ಬಿಚ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ, ಆರು ನಿಲ್ದಾಣ, ನಾಲ್ಕು ತಿಂಗಳು ಅಂದರೆ ಆರೇ ಆರು ನಿಲ್ದಾಣ, ಹೋಗಿ ಏನು ಹೇಳುವುದು, ತಪ್ಪಾಯ್ತು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ, ಅಪ್ಪನಿಗೂ ಬರುತ್ತಿರಲಿಲ್ಲ, ಬೈದ ಮಾರನೆಯ ದಿನ ಒಂದು ಮಣೆಯನ್ನೋ ಸೌಟನ್ನೋ ಮಾಡಿ ತಲೆದಿಂಬಿನ ಪಕ್ಕ ಇಟ್ಟುಹೋಗುತ್ತಿದ್ದರು. ಗಡಿಯಾರದ ಅಂಗಡಿ ಗೂಡಿನಷ್ಟು ಚಿಕ್ಕದು, ಗಾಜಿನಾಚೆ ಅವನು, ಬಗ್ಗಿದ ತಲೆ, ದೀಪ, ಪಕ್ಕದ ಮುಕ್ಕಾಲಿಯ ಮೇಲೆ ಅವಳು — ಗುರುತು ಸಿಗಲಿಲ್ಲ, ಜಡೆ ಇಲ್ಲ, ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದಾಳೆ — ದೀಪದ ಕೆಳಗೆ ಅಂಗೈ ಚಾಚಿ ಕೂತಿದ್ದಾಳೆ, ಅಂಗೈ ಮೇಲೆ ಸಾಸಿವೆಗಿಂತ ಚಿಕ್ಕ ಸ್ಕ್ರೂಗಳು, ಅವನು ನೋಡುವುದೂ ಇಲ್ಲ, ಚಿಮುಟ ಚಾಚುತ್ತಾನೆ, ಅಂಗೈ ಅಲ್ಲಿರುತ್ತದೆ, ಅಲ್ಲೇ ಇರುತ್ತದೆ ಅಂತ ಅವನಿಗೆ ಗೊತ್ತು. ದೂರ ನಿಲ್ಲು ಅನ್ನುತ್ತಿಲ್ಲ ಅವನು. ಬಾಗಿಲು ತಳ್ಳಿದೆ. ಅಕ್ಕ ಅಂದಳು, ಏಳಲು ಹೋದಳು, ಅಲ್ಲಾಡಬೇಡ ಬಿದ್ದುಹೋಗುತ್ತೆ ಅಂದ ಅವನು, ಆಮೇಲೆ ನನ್ನನ್ನು ನೋಡಿ, ಬನ್ನಿ ಅಕ್ಕ, ಕೂತ್ಕೊಳ್ಳಿ, ಕೂರಲು ಜಾಗವೆಲ್ಲಿ, ಮೂರನೆಯವರಿಗೆ ಮುಕ್ಕಾಲಿಯಿಲ್ಲ. ಕೆಮ್ಮು ಬಂತು. ಔಷಧಿ ಕುಡಿತಿಲ್ವಾ, ಅಂದಳು ಅವಳು, ಕೈ ಚಾಚಿಕೊಂಡೇ, ಕಣ್ಣು ತುಂಬಿದೆ, ಒರೆಸಿಕೊಳ್ಳುವ ಹಾಗಿಲ್ಲ, ಇನ್ನೊಂದು ಕೈಯಲ್ಲಿ ಗಡಿಯಾರದ ಹೊದಿಕೆ. ಡಬ್ಬಿ ತೆಗೆದೆ, ಪಕ್ ಅಂತ ಮುಚ್ಚಳ ತೆರೆದೆ, ಅವಳ ತಲೆ ಒಂದಿಷ್ಟು ವಾಲಿತು, ಕೇಳಿಸಿಕೊಂಡಳು. ಇದರಲ್ಲಿ ಹಾಕು, ಅಂದೆ, ಡಬ್ಬಿಯನ್ನು ಅವಳ ಕೈಯ ಕೆಳಗೆ ಹಿಡಿದು. ಅವಳು ಅಂಗೈ ಮಗುಚಿದಳು, ಸ್ಕ್ರೂಗಳು ಟಿಣಿಟಿಣಿ ಬಿದ್ದವು, ಒಂದು ಮಾತ್ರ ಬೀಳಲಿಲ್ಲ, ಬೆವರಿಗೆ ಅಂಟಿದೆ, ಕೈ ಕೊಡವಿದಳು, ಬೀಳಲಿಲ್ಲ, ಅಂಗೈಯ ನಡುಗೆರೆಯಲ್ಲಿ ಹೊಳೆಯುತ್ತಿದೆ, ಕೆಳಗೆ ನನ್ನ ಡಬ್ಬಿ, ಬಾಯಿ ತೆರೆದುಕೊಂಡು, ಮೇಲೆ ಅವಳ ಅಂಗೈ, ಅದರಲ್ಲಿ ಆ ಒಂದು ಸ್ಕ್ರೂ, ಬೀಳುತ್ತಿಲ್ಲ, ಅವಳು ಕೈ ತೆಗೆಯುತ್ತಿಲ್ಲ, ನಾನೂ ತೆಗೆಯುತ್ತಿಲ್ಲ, ಆ ಸ್ಕ್ರೂ, ಅಂಗೈಯಲ್ಲಿ, ಇನ್ನೂ