ಬಿಳಿ ಗೆರೆ

“ಅಮ್ಮ, ಏಳು ಸ್ವಲ್ಪ, ಆ ಸ್ಟೂಲು ಅಲ್ಲಾಡ್ತಿದೆ” ಎಂದು ಮಗಳು ತಾಯಿಯ ತೋಳು ಹಿಡಿದು ಎಬ್ಬಿಸುವಷ್ಟರಲ್ಲಿ ಮತ್ತೆ ಏಳೆಂಟು ಜನ ಒಳಗೆ ಬಂದರು. ಅಪ್ಪನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಸ್ಮಶಾನಕ್ಕೆ ಒಯ್ಯುವ ಗಾಡಿ ಹನ್ನೊಂದಕ್ಕೆ ಬರಬೇಕು. ಮನೆಯ ಕುರ್ಚಿಗಳೆಲ್ಲ ಭರ್ತಿಯಾಗಿ, ಪಕ್ಕದ ಮನೆಯಿಂದ ತಂದ ಸ್ಟೂಲೇ ಅಮ್ಮನ ಪಾಲಿಗೆ ಬಂದಿತ್ತು.

“ನಂಗೇನೂ ಆಗಲ್ಲ. ಅವರಿಗೆ ಜಾಗ ಕೊಡು” ಎಂದು ಅಮ್ಮ ಬಾಗಿಲ ಕಡೆ ಕೈ ತೋರಿಸಿದರು.

ಬಂದವರಲ್ಲಿ ಮುಂದಿದ್ದವನು ಸೇತುವೆಗಳ ಇಲಾಖೆಯಲ್ಲಿ ಅಪ್ಪನ ಕೈಕೆಳಗೆ ಇಪ್ಪತ್ತಾರು ವರ್ಷ ದುಡಿದ ವೆಲ್ಡರ್. ಮಂಡಿ ಮಡಚಲು ಬಾರದ ಮುದುಕ, ಗೋಡೆಗೆ ಒರಗಿಯೇ ನಿಂತ.

“ನಾವೆಲ್ಲ ಬಿಳಿಗೆರೆ ಸಾಹೇಬ್ರು ಅಂತಿದ್ವಿ ತಾಯಿ. ನಟ್ಟು ಬಿಗಿ ಮಾಡಿದ ಮೇಲೆ ನಟ್ಟಿಂದ ಕಬ್ಬಿಣದ ತನಕ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೀಬೇಕು. ನಟ್ಟು ಕೂದಲೆಳೆಯಷ್ಟು ತಿರುಗಿದ್ರೂ ಗೆರೆ ತುಂಡಾಗಿ ಕಾಣುತ್ತೆ. ‘ಗೆರೆ ನೋಡಿದ್ಯೇನೋ?’ ಅಂತ ಕೇಳದೆ ನನ್ನನ್ನ ಒಂದು ದಿನ ಊಟಕ್ಕೆ ಬಿಟ್ಟಿದ್ದಿಲ್ಲ, ಪುಣ್ಯಾತ್ಮ.”

“ಮನೇಲೇನು ಕಡಿಮೆನಾ?” ಚಿಕ್ಕಮ್ಮ ಮೂಗು ಒರೆಸಿಕೊಂಡಳು. “ಕುಕ್ಕರ್ ಹಿಡಿಗೆ ಗೆರೆ, ಫ್ಯಾನಿಗೆ ಗೆರೆ. ನನ್ನ ಕನ್ನಡಕಾನೂ ಬಿಡಲಿಲ್ಲ ಭಾವ. ನೋಡಿ!”

ಕನ್ನಡಕ ಕೈಯಿಂದ ಕೈಗೆ ದಾಟಿತು. ಸಾವಿನ ಮನೆ ಎನ್ನುವುದನ್ನೂ ಮರೆತು ನಾಲ್ಕು ಜನ ನಕ್ಕರು, ಅಮ್ಮನೂ ನಕ್ಕರು. ಮಗಳಿಗೆ ಮಾತ್ರ ನಗು ಬರಲಿಲ್ಲ. ಅವಳ ಹೊಟ್ಟೆಯಲ್ಲಿ ಎರಡು ವರ್ಷದ ಹಿಂದಿನ ಮಾತೊಂದು ಕೂತಿತ್ತು.

*

ಅವತ್ತು ಅವಳ ಮನೆಗೆ ಆಫೀಸಿನವರು ಊಟಕ್ಕೆ ಬಂದಿದ್ದರು. ಅಪ್ಪ ಊಟದ ಮೇಜಿನ ಕೆಳಗೆ ತೂರಿ, ಜೇಬಿನ ಸ್ಪ್ಯಾನರ್ ತೆಗೆದು, ಅತಿಥಿಗಳ ಕಾಲುಗಳ ನಡುವೆ ನಟ್ಟು ತಿರುಗಿಸತೊಡಗಿದರು.

“ಅಪ್ಪ, ಇದು ನಿಮ್ಮ ಸೇತುವೆ ಅಲ್ಲ, ನನ್ನ ಮನೆ! ನಮಗೂ ಬದುಕೋಕೆ ಬರುತ್ತೆ. ದಯವಿಟ್ಟು ಆ ಸ್ಪ್ಯಾನರ್ ಇಲ್ಲಿಗೆ ತರಬೇಡಿ.”

ಅಪ್ಪ ಹೊರಬಂದು ಮೊಣಕಾಲು ಒರೆಸಿಕೊಂಡು, “ಆಯ್ತಮ್ಮ” ಎಂದರು. ಅಷ್ಟೇ. ಸಿಟ್ಟಾದರೂ ಮಾಡಬಾರದಿತ್ತೇ! ಆಮೇಲೆ ಭಾನುವಾರಗಳಂದು ಬಂದಾಗ ಬರಿಗೈಯಲ್ಲಿ, ತೊಡೆಯ ಮೇಲೆ ಕೈ ಇಟ್ಟುಕೊಂಡು, ಪರರ ಮನೆಗೆ ಬಂದವರಂತೆ ಕೂತಿರುತ್ತಿದ್ದರು. ತಪ್ಪಾಯ್ತು ಅಪ್ಪ, ತನ್ನಿ ಅದನ್ನ, ಎಂದುಬಿಡಬೇಕೆಂದು ಅವಳಿಗೆ ಎಷ್ಟೋ ಸಲ ಬಾಯಿ ತುದಿಗೆ ಬಂದಿತ್ತು. ಹಾಳು ಬಿಗುಮಾನ. ಆಸ್ಪತ್ರೆಯಲ್ಲಿ ಹೇಳೋಣವೆಂದರೆ ಅವರ ಬಾಯಲ್ಲಿ ನಳಿಕೆ ಇತ್ತು. ಆ ನೋವು ಇಟ್ಟುಕೊಂಡೇ ಹೋದರೋ ಏನೋ, ಇನ್ನು ಯಾರನ್ನು ಕೇಳುವುದು?

*

“ನಮ್ಮನೆಯಿಂದ ನಾಲ್ಕು ಕುರ್ಚಿ ತರೋಣ ಬಾ” ಎಂದು ಗಂಡ ಕರೆದ. ಎರಡು ಬೀದಿ ದಾಟಿದರೆ ಅವರ ಮನೆ.

ಎತ್ತಲು ಸುಲಭವಾಗಲೆಂದು ಅವಳು ಮೊದಲ ಕುರ್ಚಿಯನ್ನು ಬೋರಲು ಹಾಕಿದಳು. ಕಾಲಿನ ಬುಡದಲ್ಲಿ ನಟ್ಟು. ನಟ್ಟಿನಿಂದ ಮರದವರೆಗೆ ನೆಟ್ಟಗೆ ಒಂದು ಬಿಳಿ ಗೆರೆ. ಎರಡನೆಯದರಲ್ಲೂ ಇತ್ತು, ಮೂರನೆಯದರಲ್ಲೂ ಇತ್ತು.

“ಈ ಕುರ್ಚಿ ತಂದು ಒಂದು ವರ್ಷ ಆಯ್ತಷ್ಟೇ. ರೀ, ಏನಿದು?”

ಗಂಡ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಕತ್ತು ಕೆರೆದುಕೊಂಡ. “ಗುರುವಾರ ನನಗೆ ರಜಾ ಅಲ್ವಾ. ನೀನು ಆಫೀಸಿಗೆ ಹೋಗಿ ಹತ್ತೇ ನಿಮಿಷಕ್ಕೆ ಮಾವ ಹಾಜರ್. ನಾನು ಟಾರ್ಚ್ ಹಿಡಿಯೋದು, ಅವರು ಬಿಗಿ ಮಾಡೋದು. ಸ್ಪ್ಯಾನರ್ ನನ್ನ ಹಳೇ ಶೂ ಒಳಗೆ ಬಚ್ಚಿಟ್ಟಿದೆ. ಹೇಳಿದ್ರೆ ಅಳಿಯತನ ರದ್ದು ಅಂದಿದ್ರು.”

“ಬೇಜಾರಲ್ಲಿದ್ರಾ?”

“ಬೇಜಾರಾ? ನೀನು ಬಂದುಬಿಡ್ತೀಯೇನೋ ಅಂತ ಕಿಟಕಿಯಿಂದ ಬೀದಿ ನೋಡ್ತಾ ಕಿಸಿಕಿಸಿ ನಗೋರು ಮಾರಾಯ್ತಿ! ನಾನೂ ಕೇಳಿದ್ದೆ, ಗೊತ್ತಾದ್ರೆ ಬೈತಾಳಲ್ಲ ಮಾವ ಅಂತ. ‘ಬೈಕೊಳ್ಳಲಿ ಬಿಡು. ಕುರ್ಚಿ ಮೇಲೆ ಕೂರೋಳು ಅವಳು ತಾನೆ?’ ಅಂದ್ರು.”

ಅವಳು ಅಲ್ಲೇ ಕುರ್ಚಿಗಳ ನಡುವೆ ಕೂತು, ಬೆಳಗಿನಿಂದ ಬಾರದ ಅಳುವನ್ನೆಲ್ಲ ಅತ್ತಳು. ಮಧ್ಯೆ ಒಮ್ಮೆ ನಗುವೂ ಬಂತು. ಗಂಡನೂ ಪಕ್ಕದಲ್ಲಿ ಕೂತ.

ಉಳಿದದ್ದು ಅವಳೇ ದಿನವೂ ಕೂರುವ ನಾಲ್ಕನೆಯ ಕುರ್ಚಿ. ಅದರ ಒಂದು ಗೆರೆ ತುಂಡಾಗಿತ್ತು. ನಟ್ಟಿನ ಮೇಲಿನ ಅರ್ಧ ಒಂದು ಕಡೆ, ಮರದ ಮೇಲಿನ ಅರ್ಧ ಇನ್ನೊಂದು ಕಡೆ. ಅಪ್ಪ ಆಸ್ಪತ್ರೆ ಸೇರಿ ಐದು ಗುರುವಾರ ಕಳೆದಿದ್ದವು.

“ಟೈಮಾಯ್ತು, ಮೂರೇ ಸಾಕು ಬಾ” ಎಂದ ಗಂಡ.

“ಸ್ಪ್ಯಾನರ್ ಕೊಡಿ” ಎಂದಳು ಅವಳು. “ಟಾರ್ಚ್ ಹಿಡೀರಿ.”

ಗಂಡ ಬೆಳಕು ಬಿಟ್ಟ. ಅವಳು ಮಂಡಿಯೂರಿ ನಟ್ಟನ್ನು ತಿರುಗಿಸಿದಳು. ಸ್ವಲ್ಪ, ಇನ್ನು ಸ್ವಲ್ಪ. ಎರಡು ಅರ್ಧಗಳು ಒಂದೇ ಗೆರೆಯಾದ ಮೇಲೆ ಕೈ ನಿಲ್ಲಿಸಿದಳು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅಪ್ಪನ ಪಕ್ಕದಲ್ಲಿ ಆ ಕುರ್ಚಿ ಹಾಕಿ ಅಮ್ಮನನ್ನು ಕೂರಿಸಿದಳು. ಅದು ಒಂದಿಷ್ಟೂ ಅಲ್ಲಾಡಲಿಲ್ಲ. ಗೋಡೆಗೆ ಒರಗಿದ್ದ ವೆಲ್ಡರ್ ಸ್ಪ್ಯಾನರಿನಿಂದ ಅವಳ ಬೆರಳಿಗೆ ಮೆತ್ತಿದ್ದ ಗ್ರೀಸನ್ನು ನೋಡುತ್ತ ನಿಂತ.