ಗೇಟಿನವನ ದನಿ, ಭಾಮೈದನ ಗಂಟಲು

ಬುರುಡೆ ಅನ್ನುತ್ತೀರಿ, ಅನ್ನಿ. ಇದು ಈಗಷ್ಟೇ ಇಸ್ತ್ರಿಯಾದ, ಒಂದು ಸುಕ್ಕೂ ಇಲ್ಲದ ನಿಜ.

ಬೀದಿಯ ತುದಿಯ ಕಾರ್ಖಾನೆ ಚಿಮಣಿ ಮಸಿ ಊದುವ ಮೊದಲು ಗೇಟಿನ ಕಾವಲುಗಾರ ಮೈಕಿನಲ್ಲಿ, ಮೂಗಿನಿಂದ, ಸಾರುತ್ತಿದ್ದ: "ಸಾರ್ವಜನಿಕರ ಗಮನಕ್ಕೆ. ಮಸಿ ಬಿಡಲಾಗುವುದು. ಬಟ್ಟೆ ಒಳಗೆ ತಗೊಳ್ಳಿ. ಸಹಕರಿಸಿ." ಆಕಾಶ ನೋಡಿ ತಿಳಿಯೋಣವೆಂದರೆ ಅದು ದಿನವೂ ಒಗೆಯದ ಬನಿಯನ್ನಿನ ಬಣ್ಣ. ಅದೇ ಬೀದಿಯ ಲಾಂಡ್ರಿಯವನಿಗೆ ಆ ಮೂಗೇ ಗತಿ.

ಅಂದು ಅವನ ತಾರಸಿಯ ತುಂಬ ಆಸ್ಪತ್ರೆಯ ಬಿಳಿ ಬೆಡ್‌ಶೀಟುಗಳು. ಹಿಂದಿನ ಸಲ ಕಪ್ಪು ಚುಕ್ಕೆ ಕಂಡ ಹಿರಿಯ ನರ್ಸ್, "ಇನ್ನೊಂದ್ಸಲ ಹೀಗಾದ್ರೆ ಬೇರೆಯವರಿಗೆ ಕೊಡ್ತೀವಿ" ಅಂದಿದ್ದಳು. ತಂತಿಯ ತುದಿಯಲ್ಲಿ ಭಾಮೈದನ ಬಿಳಿ ಅಂಗಿ. ಮರುದಿನ ಅವನಿಗೆ ಕೆಲಸದ ಸಂದರ್ಶನ.

ಈ ಭಾಮೈದ ಊರವರ ಗಂಟಲುಗಳನ್ನೆಲ್ಲ ಬಾಡಿಗೆಗೆ ತಂದವನಂತೆ ಬಳಸುತ್ತಿದ್ದ. ಅಂದು ನೀರಿನ ಟ್ಯಾಂಕಿನ ಹಿಂದೆ ನಿಂತು, ತಗಡಿನ ಡಬ್ಬ ಬಾಯಿಗಿಟ್ಟು, ಗೇಟಿನವನ ಮೂಗಿನ ದನಿಯಲ್ಲಿ "ಸಾರ್ವಜನಿಕರ ಗಮನಕ್ಕೆ" ಎಂದು ಶುರುಮಾಡಿದ್ದೇ ತಡ, ಬೀದಿಯ ಕಿಟಕಿಗಳೆಲ್ಲ ದಬದಬ ಮುಚ್ಚಿದವು. ಲಾಂಡ್ರಿಯವ ಅರ್ಧ ಒಣಗಿದ ಶೀಟುಗಳನ್ನು ಬುಟ್ಟಿಗೆ ತುರುಕಿಕೊಂಡು ಏದುಸಿರು ಬಿಡುತ್ತ ಕೆಳಗೋಡಿದ. ಭಾಮೈದ ಹೊಟ್ಟೆ ಹಿಡಿದುಕೊಂಡು ನಗುತ್ತ ಹಿಂದೆಯೇ ಇಳಿದ.

"ಭಾವಾ, ಅದು ನಾನು!"

"ಏನು ನೀನು?"

"ಆ ಮೂಗು ನಾನು!"

"ಹಾಗಾದ್ರೆ ಮಸಿ ಇಲ್ವಾ?"

"ನಿಜವಾಗಿದ್ರೆ ತನ್ನ ಅಂಗೀನ ತಂತಿ ಮೇಲೇ ಬಿಟ್ಟು ಬರ್ತಿದ್ನಾ? ಹೋಗಿ ಒಣಹಾಕ್ರೀ, ಸಂಜೆಗೆ ಕೊಡ್ಬೇಕು" ಅಂದಳು ಹೆಂಡತಿ.

ಲಾಂಡ್ರಿಯವನ ತಲೆ ಗಿರ್ರೆಂದಿತು. ಕೇಳಿದ್ದು ಕಾವಲುಗಾರನ ದನಿ, ಹೇಳಿದ್ದು ಇವನಂತೆ. ಹೊರಗೆ ಹಾಕಿದರೆ ಮಸಿ, ಒಳಗಿಟ್ಟರೆ ಹಸಿ. ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿದ, ನಿಂತ, ಇಳಿದ, ಮತ್ತೆ ಹತ್ತಿದ. ಕೊನೆಗೆ ಬುಟ್ಟಿಯನ್ನು ಒಳಗೇ ಕುಕ್ಕಿ ಗೇಟಿಗೆ ಓಡಿದ.

"ಅಣ್ಣಾ, ಈಗ ಮೈಕಲ್ಲಿ ಹೇಳಿದ್ದು ನೀವಾ?"

ಕಾವಲುಗಾರ ತಲೆ ಕೆರೆದುಕೊಂಡ. "ನಾನೇ ಇರ್ಬೇಕು. ಹೇಳೋಣ ಅಂತ ಎದ್ದೆ, ಅಷ್ಟರಲ್ಲಿ ನನ್ನ ದನಿ ನಂಗೇ ಕೇಳಿಸ್ತು. ಓಹೋ, ಹೇಳಾಯ್ತಲ್ಲ ಅಂತ ಕೂತ್ಕೊಂಡೆ."

"ಅಂದ್ರೆ ಊದೋದು ನಿಜಾನಾ?"

ಉತ್ತರ ಕೊಟ್ಟದ್ದು ಚಿಮಣಿ. ಒಮ್ಮೆ ಕೆಮ್ಮಿ, ಹಗಲನ್ನೇ ನುಂಗಿತು.

ಮೂಗು ಮುಚ್ಚಿಕೊಂಡು ಮನೆ ಸೇರಿದಾಗ ಭಾಮೈದ ಹೊಸ್ತಿಲಲ್ಲಿ ನಿಂತಿದ್ದ, ಕೈಯಲ್ಲಿ ಚಿರತೆಯಂತಾದ ಅಂಗಿ.

"ಭಾವಾ, ನಾನು ಹೇಳಿದ್ದು ಸುಳ್ಳು. ಅದು ನಿಜ ಹೇಗಾಯ್ತು?" ದನಿ ಒಡೆದುಹೋಗಿತ್ತು, ಅಂದು ಅವನಿಗೆ ಉಳಿದದ್ದು ಅವನದೇ ಗಂಟಲು, ಅದೂ ಅರ್ಧ.

ಲಾಂಡ್ರಿಯವ ಬುಟ್ಟಿಯೊಳಗೆ ಬಗ್ಗಿ ನೋಡಿದ. ಒದ್ದೆ, ಆದರೆ ಹಾಲಿನಷ್ಟು ಬಿಳಿ. ಒದ್ದೆಗೆ ಇಸ್ತ್ರಿಪೆಟ್ಟಿಗೆ ಇದೆ.

"ಸಾರ್ವಜನಿಕರ ಗಮನಕ್ಕೆ!" ಎಂದ, ತಾನೂ ಮೂಗಿನಿಂದ. "ಅಂಗಿ ಒಳಗೆ ತಗೊಳ್ಳಿ! ಸಹಕರಿಸಿ!"

ಕೆಮ್ಮಿದ, ನಕ್ಕ, ಕೆಮ್ಮಿಕೊಂಡೇ ನಕ್ಕ. ಹೆಂಡತಿ ನಕ್ಕಳು, ಭಾಮೈದನೂ ಹಲ್ಲು ಕಿರಿದ. ಆದರೆ ಗೇಟಿನ ತನಕ ಕೇಳಿಸಿದ್ದು ಲಾಂಡ್ರಿಯವನ ನಗು ಮಾತ್ರ.