ನೋಡದೆ ಹೋದ ಎರಡನೇ ಅರ್ಧ

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಮಾನ. ಅದರ ಹಿಂದಿನ ದಿನ, ಭಾನುವಾರ ಮಧ್ಯಾಹ್ನ ಮೂರಕ್ಕೆ ಪಂದ್ಯ. ಅರ್ಧ ಸಾಮಾನು ಇನ್ನೂ ನೆಲದ ಮೇಲೆ ಹರಡಿಕೊಂಡಿರುವಾಗ ಅಪ್ಪ ಮಗಳು ಫುಟ್‌ಬಾಲ್ ನೋಡಲು ಹೊರಟಿದ್ದು ಅಮ್ಮ ಶೋಭನಾಳಿಗೆ ಸರಿಬರಲಿಲ್ಲ. ಆದರೂ ಅವಳು ತಡೆಯಲಿಲ್ಲ. ನಾಲ್ಕು ವಾರಗಳಿಂದ ಚಾರ್ವಿ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಅಪ್ಪ ನಂದಕುಮಾರ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದು ಹತ್ತು ವರ್ಷವಾಗಿತ್ತು. ಊರಿನ ಲಿಂಡ್‌ಹೋಲ್ಮೆನ್ ಬಡಾವಣೆಯಲ್ಲಿ ಕಾರುಗಳ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಬಂದಾಗ ಮೂರು ವರ್ಷದ ಮಗುವಾಗಿದ್ದ ಚಾರ್ವಿ ದಾಗಿಸ್ ಎಂಬ ಶಿಶುವಿಹಾರದಲ್ಲಿ ಸ್ವೀಡಿಷ್ ಕಲಿತಳು. ಏಳನೇ ವಯಸ್ಸಿಗೆ ಗೆಳತಿಯೊಬ್ಬಳು ಕೊಟ್ಟ ನೀಲಿ-ಬಿಳಿ ಸ್ಕಾರ್ಫ್ ಸುತ್ತಿಕೊಂಡು ಊರಿನ ತಂಡದ ಅಭಿಮಾನಿಯಾದಳು. ಅಂದಿನಿಂದ ಆ ತಂಡದ ಒಂದು ಪಂದ್ಯವನ್ನೂ ಅವಳು ಬಿಟ್ಟಿರಲಿಲ್ಲ. ಆದರೆ ನೋಡಿದ್ದೆಲ್ಲ ಫೋನಿನಲ್ಲಿ. ಪ್ರತಿ ವರ್ಷ ಅವಳು ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗು ಎನ್ನುವಳು, ಪ್ರತಿ ವರ್ಷ ಅವನು ಮುಂದಿನ ವರ್ಷ ಎನ್ನುವನು. ಒಮ್ಮೆ ಚಳಿ, ಒಮ್ಮೆ ಆಫೀಸಿನ ರಿಲೀಸ್. ಯಾವುದೂ ದೊಡ್ಡ ಕಾರಣವಾಗಿರಲಿಲ್ಲ.

ಅವನು ಮೊದಲು ದುಡಿಯುತ್ತಿದ್ದ ಸಣ್ಣ ಕಂಪನಿಯೊಂದು ಕಾನೂನಿನಂತೆ ಮಾಡಿಸಬೇಕಿದ್ದ ನೌಕರರ ವಿಮೆಯನ್ನು ಕೆಲವು ತಿಂಗಳು ಮಾಡಿಸಿರಲಿಲ್ಲ. ಅದು ಅವನಿಗೆ ಗೊತ್ತೇ ಇರಲಿಲ್ಲ. ವರ್ಕ್ ಪರ್ಮಿಟ್ ಮುಂದುವರಿಸಲು ಹೋದಾಗ ಹಳೆಯ ತಪ್ಪು ಹೊರಬಿತ್ತು, ಅರ್ಜಿ ತಿರಸ್ಕೃತವಾಯಿತು. ಎರಡು ಬಾರಿ ಮೇಲ್ಮನವಿ ಹಾಕಿ ಎರಡು ಬಾರಿಯೂ ಸೋತ. ನಾಲ್ಕು ವಾರದೊಳಗೆ ದೇಶ ಬಿಡಬೇಕೆಂದು ಪತ್ರ ಬಂತು. ಶೋಭನಾಳ ಅಣ್ಣ ಮಹೇಶ ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಿಟ್ಟ. ನಂದಕುಮಾರ ಮಗಳ ಮುಂದೆ ದಿನವೂ ಬೆಂಗಳೂರನ್ನು ಹೊಗಳಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು, ಅಳಲಿಲ್ಲ.

ಪಂದ್ಯದ ಮೊದಲ ಅರ್ಧದಲ್ಲಿ ಅವನು ಆಟಕ್ಕಿಂತ ಮಗಳನ್ನೇ ಹೆಚ್ಚು ನೋಡಿದ. ಕುಳಿತಲ್ಲಿ ಕೂರದೆ, ಅಕ್ಕಪಕ್ಕದವರ ಜೊತೆ ದನಿ ಸೇರಿಸಿ, ಸಾವಿರಾರು ಜನ ಹಾಡುತ್ತಿದ್ದ ಹಾಡುಗಳನ್ನು ಅವಳು ಒಂದು ಮಾತೂ ತಪ್ಪದೆ ಹಾಡಿದಳು. ಇಷ್ಟು ವರ್ಷ ಇದನ್ನು ತಪ್ಪಿಸಿದವನು ತಾನೇ ಎಂಬುದು ಅವನಿಗೆ ಎದೆಯೊಳಗೆ ಚುಚ್ಚಿತು.

ವಿರಾಮದಲ್ಲಿ ಟಾಯ್ಲೆಟ್‌ಗೆ ಹೋಗಿಬರುತ್ತೇನೆಂದು ಎದ್ದಳು. ಎರಡನೇ ಅರ್ಧ ಶುರುವಾದರೂ ಬರಲಿಲ್ಲ. ಕ್ಯೂ ಇರಬೇಕು ಅಂದುಕೊಂಡ. ಹತ್ತು ನಿಮಿಷ ಕಳೆದ ಮೇಲೆ ಫೋನ್ ಮಾಡಿದ. ಅವಳ ಫೋನು ಅವನದೇ ಜಾಕೆಟ್ಟಿನ ಜೇಬಿನಲ್ಲಿ ನಡುಗಿತು.

ಅವಳು ಮರೆತು ಬಿಟ್ಟುಹೋಗಿದ್ದಲ್ಲ. ತನ್ನನ್ನು ಯಾರೂ ಹುಡುಕಬಾರದೆಂದೇ ಅದನ್ನು ಅಲ್ಲಿ ಇಟ್ಟಿದ್ದಳು.

ಅವನು ಮೆಟ್ಟಿಲು ಇಳಿದು ಓಡಿದ. ಹತ್ತಿರದ ಟಾಯ್ಲೆಟ್‌ಗಳ ಮುಂದೆ, ಸಾಸೇಜ್ ಮಾರುವ ಅಂಗಡಿಗಳ ಮುಂದೆ, ಗೇಟುಗಳ ಬಳಿ ಹುಡುಕಿದ. ಕಪ್ಪು ಕೂದಲು, ನೀಲಿ-ಬಿಳಿ ಸ್ಕಾರ್ಫ್, ಹದಿಮೂರು ವರ್ಷ ಎಂದು ಸಿಕ್ಕಸಿಕ್ಕವರಿಗೆ ಹೇಳಿದ. ಅಂಥ ಸ್ಕಾರ್ಫ್ ಅಲ್ಲಿ ಎಲ್ಲರ ಕೊರಳಲ್ಲೂ ಇತ್ತು. ಕೊನೆಗೆ ಆನ್ನಿಕಾ ಎಂಬ ಕಿತ್ತಳೆ ಬಣ್ಣದ ಅಂಗಿಯ ಕಾವಲುಗಾರ್ತಿ ಅವನನ್ನು ನಿಲ್ಲಿಸಿ, ಫೋಟೊ ನೋಡಿ, ಪೊಲೀಸರಿಗೆ ಹೇಳಲೇ ಎಂದು ಕೇಳಿದಳು.

ದೇಶ ಬಿಡಬೇಕಾದ ಮುನ್ನಾದಿನ ಮಗಳು ಕಾಣೆಯಾಗಿದ್ದಾಳೆ ಅಂದರೆ ತಾನೇ ಬಚ್ಚಿಟ್ಟು ನಾಟಕವಾಡುತ್ತಿದ್ದೇನೆ ಎಂದುಕೊಂಡರೆ? ತನ್ನನ್ನು ಒಳಗೆ ಹಾಕಿದರೆ? ಮುಂದೆ ಎಂದೂ ಈ ದೇಶಕ್ಕೆ ಕಾಲಿಡದಂತೆ ಮಾಡಿದರೆ? ಹೊರಗೆ ಟ್ರಾಮ್‌ಗಳು ಓಡುತ್ತಿದ್ದವು, ಬಂದರಿನ ನೀರು ದೂರವಿರಲಿಲ್ಲ. ನೀರು ನೆನಪಾದದ್ದೇ ತಡ ಅವನು, ಕರೆಯಿರಿ ಎಂದ.

ಅಷ್ಟರಲ್ಲಿ ಮೈದಾನದಲ್ಲಿ ಗೋಲಾಯಿತು. ತಲೆಯ ಮೇಲಿನ ಕಾಂಕ್ರೀಟೇ ಅದುರಿತು. ಬಿಯರ್ ಲೋಟ ಹಿಡಿದ ಅಪರಿಚಿತನೊಬ್ಬ ಓಡಿಬಂದು ನಂದಕುಮಾರನನ್ನು ತಬ್ಬಿಕೊಂಡ. ಅವನು ಅಳುತ್ತಿರುವುದನ್ನು ಕಂಡು, ಅದು ಗೋಲಿನ ಸಂತೋಷವೆಂದೇ ತಿಳಿದು, ಬೆನ್ನು ತಟ್ಟಿ ಹೋದ.

ಶೋಭನಾಳ ಫೋನ್ ಬಂತು. ಕುಕ್ಕರ್ ಯಾವ ಸೂಟ್‌ಕೇಸಿಗೆ ಹಾಕಲಿ ಎಂದು ಕೇಳಿದಳು. ಅವನು ವಿಷಯ ಹೇಳಿದ. "ಬರ್ತಿದೀನಿ," ಎಂದಷ್ಟೇ ಹೇಳಿ ಇಟ್ಟಳು.

ಪಂದ್ಯ ಮುಗಿದು ಜನ ಗೇಟುಗಳಿಂದ ನುಗ್ಗಿದರು. ಅವನು ಒಂದು ಗೇಟಿನಲ್ಲಿ ನಿಂತು ಹಾದುಹೋಗುವ ಪ್ರತಿ ಮುಖವನ್ನೂ ನೋಡಿದ. ಇನ್ನೊಂದು ಗೇಟಿನಲ್ಲಿ ಅವಳು ಹೊರಟುಹೋಗುತ್ತಿದ್ದರೆ ಎಂದು ಅಲ್ಲಿಗೆ ಓಡಿದ. ಅಲ್ಲಿಂದ ಮತ್ತೆ ಇಲ್ಲಿಗೆ. ಜನ ತೆಳುವಾದರು, ಆಮೇಲೆ ಯಾರೂ ಇಲ್ಲವಾದರು. ಇಬ್ಬರು ಪೊಲೀಸರು ಬಂದು ವಿವರ ಬರೆದುಕೊಳ್ಳತೊಡಗಿದಾಗ ಆನ್ನಿಕಾ ಅವಸರದಿಂದ ಬಂದಳು. ಎದುರು ಸ್ಟ್ಯಾಂಡಿನ ಕೆಳಗಿನ ಹೆಂಗಸರ ಟಾಯ್ಲೆಟ್‌ನಲ್ಲಿ ಒಂದು ಬಾಗಿಲು ಒಳಗಿನಿಂದ ಚಿಲಕ ಹಾಕಿದೆ, ತಟ್ಟಿದರೆ ಉತ್ತರವಿಲ್ಲ ಎಂದಳು.

ಅವನು ಆ ಬಾಗಿಲಿಗೆ ಹಣೆ ಹಚ್ಚಿ ನಿಂತ.

"ಚಾರ್ವಿ, ಅಪ್ಪ ಕಣೇ. ಬಾಗಿಲು ತೆಗಿ."

ಒಳಗೆ ಬಟ್ಟೆ ಸರಿದ ಸದ್ದಾಯಿತು. ಮನೆಯಲ್ಲಿ ಏನು ಕೇಳಿದರೂ ಸ್ವೀಡಿಷ್‌ನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಈಗ ಕನ್ನಡದಲ್ಲಿ ಹೇಳಿದಳು: "ನಾಳೆ ಫ್ಲೈಟ್ ಹೋದ್ಮೇಲೆ ತೆಗೀತೀನಿ."

ಮತ್ತೆ ಬರೋಣ ಎಂದು ಹೇಳಬಹುದಿತ್ತು. ಆದರೆ ಮುಂದಿನ ವರ್ಷ ಎಂದು ಅವನು ಅವಳಿಗೆ ಹೇಳಿದ್ದು ಸಾಕಾಗಿತ್ತು. ಒದ್ದೆ ನೆಲದ ಮೇಲೆ ಕುಸಿದು ಕುಳಿತ.

"ಎಲ್ಲಾ ಕಡೆ ಟ್ರೈ ಮಾಡ್ದೆ ಮಗಳೇ. ಆಗ್ಲಿಲ್ಲ. ನಂಗೂ ಹೋಗೋಕೆ ಇಷ್ಟ ಇಲ್ಲ."

ಆ ಮಾತನ್ನು ಅವನು ಶೋಭನಾಳ ಮುಂದೆ ಕೂಡ ಆಡಿರಲಿಲ್ಲ. ಬಾಗಿಲು ತೆರೆಯಲಿಲ್ಲ. ಪೊಲೀಸರಲ್ಲಿ ಒಬ್ಬ ಬಾಗಿಲು ಮೀಟುವ ಮಾತೆತ್ತಿದಾಗ ಆನ್ನಿಕಾ ಕೈಯೆತ್ತಿ ಅವನನ್ನು ತಡೆದಳು.

"ಯಾರು ಗೋಲ್ ಹೊಡೆದ್ರು?" ಚಾರ್ವಿ ಕೇಳಿದಳು.

"ಗೊತ್ತಿಲ್ಲ. ನಾನೂ ನೋಡ್ಲಿಲ್ಲ."

ಚಿಲಕ ಸರಿಯಿತು. ಸ್ಕಾರ್ಫನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು, ಅಳು ಹೊರಗೆ ಕೇಳದಿರಲೆಂದು. ಗೋಡೆಯಾಚೆ ಹಾಡು ಕೇಳುತ್ತಿದ್ದರೂ ಒಂದು ಗಂಟೆಗೂ ಹೆಚ್ಚು ಹೊತ್ತು ಆ ಡಬ್ಬಿಯಂಥ ಕೋಣೆಯಲ್ಲಿ ಕುಳಿತಿದ್ದಳು. ಮಗು ಸಿಗದಿದ್ದರೆ ವಿಮಾನ ಹತ್ತಿಸಲಾರರು, ತಡವಾದರೆ ಏನಾದರೂ ಬದಲಾದೀತು ಎಂದು ಅವಳು ಲೆಕ್ಕ ಹಾಕಿದ್ದಳು. ಪೊಲೀಸರಿಗೆ ಅದನ್ನೆಲ್ಲ ಅವಳೇ ಸ್ವೀಡಿಷ್‌ನಲ್ಲಿ ಬಿಡಿಸಿ ಹೇಳಿದಳು. ಚಿಕ್ಕ ವಯಸ್ಸಿನ ಪೊಲೀಸ್ ಪೂರ್ತಿ ಬರೆದುಕೊಂಡು ಪುಸ್ತಕ ಮಡಚಿದ. ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಮೆಲ್ಲಗೆ ಹೇಳಿದ.

ಆನ್ನಿಕಾ ಅವರನ್ನು ಮೇಲೆ ಖಾಲಿ ಕುರ್ಚಿಗಳ ಸಾಲಿಗೆ ಕರೆದೊಯ್ದಳು. ಪಂದ್ಯದಲ್ಲಿ ಆಡಲು ಅವಕಾಶ ಸಿಗದ ನಾಲ್ಕೈದು ಮಂದಿ ಆಟಗಾರರು ಮೈದಾನದಲ್ಲಿ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದರು. ಚಾರ್ವಿ ಅವರನ್ನೇ ನೋಡುತ್ತ ಕುಳಿತಳು. ಮನೆಯ ಚಪ್ಪಲಿಯಲ್ಲೇ ಟ್ರಾಮ್ ಹತ್ತಿ ಬಂದಿದ್ದ ಶೋಭನಾ ಮೆಟ್ಟಿಲು ಹತ್ತಿ ಬಂದವಳೇ ಹೊಡೆಯಲು ಕೈಯೆತ್ತಿದಳು, ಹೊಡೆಯಲಾಗದೆ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಇನ್ನು ಕ್ರೀಡಾಂಗಣದ ಬಾಗಿಲು ಹಾಕಬೇಕೆಂದು ಆನ್ನಿಕಾ ಹೇಳುವವರೆಗೂ ಮೂವರೂ ಅಲ್ಲೇ ಇದ್ದರು.

ಮರುದಿನ ಹನ್ನೊಂದಕ್ಕೆ ವಿಮಾನ ಹೊರಟಿತು. ಕೆಳಗೆ ಊರು ಕಾಣುವ ಕಿಟಕಿಯ ಪಕ್ಕದ ಸೀಟನ್ನು ಚಾರ್ವಿ ಅಮ್ಮನಿಗೆ ಬಿಟ್ಟುಕೊಟ್ಟಳು.